ಫ್ರಿಜ್ಜು ಕಾಯುವ ಪ್ರೋಗ್ರಾಮು

ಬುದ್ಧ ವರ್ಷ ೨೫೬೨
ಆಗಸ್ಟ್ ೧೯, ಸೋಮವಾರ

ಹನ್ನೊಂದು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದೇನೆ. ಸೊಂಟ ಬೇರೆ, ನಾನು ಬೇರೆ ಆಗಿದ್ದೇವೆ. ಬ್ಯಾಂಕಾಕಿನಲ್ಲಿ ಅದಿಸೋನ್, "ನಾಲ್ಕೈದು ವಾರದ ಕೆಲಸ ವಿಪಾ, ಗುಡ್ಡದ ಗಾಳಿ ಕುಡಿದು ಬನ್ನಿ" ಎಂದು ನಗುನಗುತ್ತಾ ಕಳಿಸಿದ. ಅವನು ನನ್ನ ಮೇಲಧಿಕಾರಿ, ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಷ್ಟು ಒಳ್ಳೆಯ ಗಾಳಿಯಾಗಿದ್ದರೆ ಅವನೇ ಬಂದು ಕುಡಿಯಬಹುದಿತ್ತು.

ವಿಷಯ ಇಷ್ಟು. ಈ ಜಿಲ್ಲೆಯ ಹದಿನಾರು ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ಜುಗಳಿವೆ. ಒಳಗಿನ ಶಾಖ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಅದನ್ನು ಕಾಯಲು ಪಕ್ಕದಲ್ಲೊಂದು ಕಂಪ್ಯೂಟರು, ಅದರೊಳಗೆ ನಾನು ನಾಲ್ಕು ವರ್ಷ ಕೂತು ಬರೆದ ಪ್ರೋಗ್ರಾಮು. ಶಾಖ ಗೆರೆ ದಾಟಿದರೆ ಅದು ನರ್ಸಿಗೆ ಫೋನು ಮಾಡಬೇಕು. ಎಂಟು ಹಳ್ಳಿಗಳಲ್ಲಿ ಚಾಚೂ ತಪ್ಪದೆ ಮಾಡುತ್ತದೆ. ಉಳಿದ ಎಂಟರಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದೆ.

ಜಿಲ್ಲಾ ಕಚೇರಿಯ ಹಿಂದಿನ ಕೋಣೆ ಕೊಟ್ಟಿದ್ದಾರೆ. ಊಟಕ್ಕೆ ಕರೆದರು, ಬೇಡ ಎಂದೆ. ಚೀಲದಲ್ಲಿ ನಲವತ್ತು ಪೊಟ್ಟಣ ನೂಡಲ್ಸ್ ಇದೆ. ದಿನಕ್ಕೊಂದು ತಿಂದರೂ ಅದು ಮುಗಿಯುವ ಮೊದಲು ನಾನು ನನ್ನ ಮನೆಯಲ್ಲಿರುತ್ತೇನೆ.

ಆಗಸ್ಟ್ ೨೨, ಗುರುವಾರ

ಇಂದು ಪಾಂಗ್‌ಸಾಕ್ಕೆ ಹೋಗಿದ್ದೆ. ಬಾಯಿ ಬಿಡದ ಎಂಟರಲ್ಲಿ ಅದೇ ಎಲ್ಲಕ್ಕಿಂತ ಎತ್ತರದಲ್ಲಿದೆ. ಇಲಾಖೆಯ ಪಿಕಪ್ ಓಡಿಸುವವರು ಕೇವ್ ಮಾವ, ಅರವತ್ತೆರಡು ವರ್ಷ. ನಲವತ್ತು ನಿಮಿಷದ ದಾರಿಯಲ್ಲಿ ಮೂವತ್ತೆಂಟು ತಿರುವು. ಎಣಿಸಿದ್ದು ನಾನು. ವಾಂತಿ ಬಾರದಿರಲೆಂದು ಏನಾದರೂ ಮಾಡಬೇಕಿತ್ತಲ್ಲ.

"ಕಣ್ಣು ಮುಚ್ಕೋಬೇಡಮ್ಮ, ಮುಚ್ಕೊಂಡ್ರೆ ಜಾಸ್ತಿ ಆಗತ್ತೆ" ಎಂದರು ಮಾವ.

"ನೀವು ನನ್ನ ನೋಡ್ಬೇಡಿ, ರಸ್ತೆ ನೋಡಿ."

"ರಸ್ತೆ ನಂಗೆ ಗೊತ್ತು. ನೀನೇ ಹೊಸಬಳು, ಅದಕ್ಕೇ ನಿನ್ನ ನೋಡ್ತಿದೀನಿ."

ಪಾಂಗ್‌ಸಾದ ನರ್ಸು ಸೇಂಗ್‌ಲಾ. ನಲವತ್ಮೂರರ ಹೆಂಗಸು, ಹಗ್ಗ ಹೊಸೆದಂತಹ ತೋಳು, ಮಾತು ಮಾತ್ರ ಕತ್ತರಿ. ಪ್ರೋಗ್ರಾಮನ್ನು ಪರೀಕ್ಷಿಸಲು ಫ್ರಿಜ್ಜಿನೊಳಗಿನ ತಾಪಮಾಪಕವನ್ನು ಬಿಸಿನೀರಿಗೆ ಹಾಕೋಣ ಎಂದೆ. ಅವಳು "ನೀರು ಕಾಯಿಸೋದು ಯಾರು" ಎಂದು ಅದರ ತಂತಿ ಎಳೆದು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಪರದೆಯ ಮೇಲೆ ಮೂವತ್ತಾರು ಡಿಗ್ರಿ. ಐದು ನಿಮಿಷ ಕಾದೆವು. ಫೋನು ಕಮಕ್ ಕಿಮಕ್ ಎನ್ನಲಿಲ್ಲ.

"ನೋಡಿ ಬ್ಯಾಂಕಾಕ್ ಅಕ್ಕ, ನನಗೇ ಜ್ವರ ಬಂದ್ರೂ ನಿಮ್ಮ ಕೂಸು ಹೇಗಿದೀಯ ಅಂತ ಕೇಳಲ್ಲ."

ನನಗೆ ನಗು ಬರಲಿಲ್ಲ. ನಾಲ್ಕು ವರ್ಷದ ಕೆಲಸ. ಅವಳ ಅಂಟು ಅನ್ನ, ಸುಟ್ಟ ಮೆಣಸಿನಕಾಯಿ ಚಟ್ನಿ ಬೇಡವೆಂದು ಹೇಳಿ ಪಿಕಪ್ಪಿನಲ್ಲಿ ಹೋಗಿ ಕೂತೆ. ಈಗ ಹಸಿವಾಗುತ್ತಿದೆ.

ಆಗಸ್ಟ್ ೩೦

ಈ ಪ್ರೋಗ್ರಾಮಿನಲ್ಲಿ ನಾನು ಹೆಮ್ಮೆಪಡುವ ಭಾಗ ಅದರ ಮೊದಲ ಇನ್ನೂರು ಸಾಲು. ಹಳ್ಳಿಯ ಯಂತ್ರಗಳೆಲ್ಲ ದಾನಕ್ಕೆ ಬಂದವು, ಒಂದರಂತೆ ಇನ್ನೊಂದಿಲ್ಲ. ಒಂದರಲ್ಲಿ ಹಳೆಯ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮತ್ತೊಂದರಲ್ಲಿ ಏನಿದೆಯೆಂದು ಕೊಟ್ಟವರಿಗೂ ಗೊತ್ತಿಲ್ಲ. ಆದ್ದರಿಂದ ಪ್ರೋಗ್ರಾಮು ಎದ್ದ ಕೂಡಲೇ, ಮತ್ತೆ ಪ್ರತಿ ಸಲ ಫೋನು ಮಾಡುವ ಮೊದಲೂ, ಕತ್ತಲೆಯಲ್ಲಿ ಎಚ್ಚರವಾದವರ ಹಾಗೆ ಸುತ್ತ ಕೈಯಾಡಿಸಿ ನೋಡುತ್ತದೆ. ಇದು ಯಾವ ಜಾತಿಯ ಯಂತ್ರ, ಪರದೆ ಇದೆಯೋ ಇಲ್ಲವೋ, ಫೋನಿನ ಡಬ್ಬಿ ಯಾವ ಕಿಂಡಿಯಲ್ಲಿದೆ. ಕೊನೆಯದಾಗಿ, ಇದು ನಮ್ಮ ಕಚೇರಿಯ ಅಭ್ಯಾಸದ ಯಂತ್ರವೋ, ಹಳ್ಳಿಯ ನಿಜವಾದ ಯಂತ್ರವೋ. ಅಭ್ಯಾಸದ್ದಾದರೆ ಲೆಕ್ಕವೆಲ್ಲ ಮಾಡುತ್ತದೆ, ಫೋನು ಮಾತ್ರ ಮಾಡುವುದಿಲ್ಲ. ಇಲ್ಲದಿದ್ದರೆ ನಾವು ಅಲ್ಲಿ ಆಟವಾಡಿದಾಗಲೆಲ್ಲ ಇಲ್ಲಿ ನರ್ಸುಗಳು ಓಡಬೇಕಾಗುತ್ತದೆ.

ಇದೆಲ್ಲವನ್ನೂ ಅದು ತಾನೇ ಕಂಡುಕೊಳ್ಳುತ್ತದೆ. ಯಾರೂ ಅದಕ್ಕೆ ಏನೂ ಹೇಳಿಕೊಡಬೇಕಿಲ್ಲ. ಅದಿಸೋನ್ ಇದನ್ನು ದೊಡ್ಡ ಸಭೆಯಲ್ಲಿ ತೋರಿಸಿದಾಗ ಚಪ್ಪಾಳೆ ಬಿದ್ದಿತ್ತು.

ತಲೆ ಕೆಡಿಸುತ್ತಿರುವುದು ಇದು: ಪಾಂಗ್‌ಸಾದ ಯಂತ್ರವನ್ನು ಬಿಚ್ಚಿಕೊಂಡು ಕೆಳಗೆ ಜಿಲ್ಲಾ ಕಚೇರಿಗೆ ತಂದರೆ ಹತ್ತು ನಿಮಿಷದಲ್ಲಿ ಮಾತಾಡತೊಡಗುತ್ತದೆ. ಮೇಲೆ ಒಯ್ದು ಜೋಡಿಸಿ ಎರಡು ದಿನ ಬಿಟ್ಟರೆ ಮತ್ತೆ ಮೌನ. ಮೂರು ಸಲ ಹೀಗೆ ಹತ್ತಿಸಿ ಇಳಿಸಿದ್ದೇನೆ.

"ಅದಕ್ಕೂ ನಿನ್ನ ಹಾಗೆ ತಿರುವು ಆಗಿಬರಲ್ಲ ಅಂತ ಕಾಣತ್ತೆ" ಎಂದರು ಕೇವ್ ಮಾವ.

ಸೆಪ್ಟೆಂಬರ್ ೫

ಇಂದು ಗೊತ್ತಾಯಿತು, ಸೇಂಗ್‌ಲಾ ಯಾಕೆ ದಿನಕ್ಕೆರಡು ಸಲ ಫೋನು ಮಾಡಿ "ಆಯ್ತಾ, ಆಯ್ತಾ" ಎಂದು ಪ್ರಾಣ ತಿನ್ನುತ್ತಾಳೆಂದು.

ಆರು ವರ್ಷದ ಹಿಂದೆ ಪಕ್ಕದ ಹಳ್ಳಿಯ ನರ್ಸು ರಜೆಯಲ್ಲಿದ್ದಾಗ ಫ್ರಿಜ್ಜು ಕೆಟ್ಟು ನಾಲ್ಕು ಹಳ್ಳಿಯ ಮಕ್ಕಳ ಲಸಿಕೆ ಹಾಳಾಯಿತಂತೆ. ಅಂದಿನಿಂದ ಜಿಲ್ಲೆಯಲ್ಲಿ ಒಂದು ಆಜ್ಞೆ. ನರ್ಸು ಫ್ರಿಜ್ಜನ್ನು ಬಿಟ್ಟು ಎರಡು ಗಂಟೆಗಿಂತ ಹೆಚ್ಚು ಹೊತ್ತು ದೂರ ಇರಕೂಡದು. ತಾಯಿ ತೀರಿಕೊಂಡ ದಿನ ಬದಲಿಯವಳೊಬ್ಬಳು ಬಂದಿದ್ದು ಬಿಟ್ಟರೆ, ಸೇಂಗ್‌ಲಾ ಆರು ವರ್ಷದಿಂದ ಎರಡು ಗಂಟೆಯ ಹಗ್ಗಕ್ಕೆ ಕಟ್ಟಿಸಿಕೊಂಡಿದ್ದಾಳೆ. ನನ್ನ ಪ್ರೋಗ್ರಾಮು ಸತತ ಹತ್ತು ದಿನ ಸರಿಯಾಗಿ ಕರೆದರೆ ಹಗ್ಗ ಬಿಚ್ಚುತ್ತೇವೆ ಎಂದು ಜಿಲ್ಲಾ ವೈದ್ಯರು ಬರೆದುಕೊಟ್ಟಿದ್ದಾರೆ.

ಅವಳಿಗೆ ಬೇಕಾಗಿರುವುದು ಒಂದೇ ಒಂದು ದಿನ. ಅಕ್ಟೋಬರ್ ಇಪ್ಪತ್ತಾರು, ಉದ್ದದೋಣಿಗಳ ಪಂದ್ಯ. ಕೆಳಹಳ್ಳಿಯ ಹೆಂಗಸರ ದೋಣಿಯಲ್ಲಿ ಹುಟ್ಟು ಹಾಕುವವರು ಮೂವತ್ತು ಜನ, ಹಿಂದೆ ನಿಂತು ಚುಕ್ಕಾಣಿ ಹಿಡಿಯುತ್ತಿದ್ದವಳು ಸೇಂಗ್‌ಲಾ. ಇಪ್ಪತ್ತು ನಿಮಿಷ ಇಳಿದು ಒಂದು ಗಂಟೆ ಅಭ್ಯಾಸ ಮಾಡಿ ಓಡಿ ಬರುತ್ತಾಳೆ. ಪಂದ್ಯಕ್ಕೆ ಮಾತ್ರ ಇಡೀ ದಿನ ಬೇಕು, ಆದ್ದರಿಂದ ಹೋಗುವಂತಿಲ್ಲ. ದೋಣಿಯ ಹಿರಿಯರು ಕೇವ್ ಮಾವ.

"ಅವಳಿಲ್ಲದೆ ಹೇಗೆ ನಡೀತು ಮಾವ?"

"ಹೇಗೆ ಅಂದ್ರೆ? ಹೋದ ವರ್ಷ ಸೀದಾ ಹೋಗಿ ತೀರ್ಪುಗಾರರ ಚಪ್ಪರಕ್ಕೇ ಗುದ್ದಿದ್ವಿ."

ನನಗೇನೂ ಆಗಬೇಕಾದ್ದಿಲ್ಲ, ದೋಣಿ ಅವರದು. ಆದರೆ ನನ್ನ ಇನ್ನೂರು ಸಾಲಿನ ಹೆಮ್ಮೆಗೆ ಒಬ್ಬ ಹೆಂಗಸು ಕಟ್ಟಿಬಿದ್ದಿದ್ದಾಳೆ ಎಂಬುದು ಒಳ್ಳೆಯ ಭಾವನೆಯಲ್ಲ.

ಸೆಪ್ಟೆಂಬರ್ ೧೧

ಲಿನಕ್ಸ್ ಯಂತ್ರಗಳದೇ ತಪ್ಪು ಎಂದು ತೀರ್ಮಾನಿಸಿದ್ದೆ. ಫೋನಿನ ಭಾಗವನ್ನು ಹೊಸದಾಗಿ ಬರೆದೆ. ಐದು ದಿನ. ಇಂದು ಹಾಕಿದೆ. ಮೌನ.

ಬಾಯಿಗೆ ಬಂದ ಬೈಗುಳ ಇಲ್ಲಿ ಬರೆಯುವುದಿಲ್ಲ, ಮುಂದೆ ಓದಿದರೆ ನನಗೇ ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ ೧೬

ಮಳೆಗೆ ಹದಿನೇಳನೇ ತಿರುವಿನಲ್ಲಿ ಗುಡ್ಡ ಜರಿದಿದೆ. ನಾನು ಮೇಲೇ ಉಳಿದುಕೊಂಡೆ. ಆರೋಗ್ಯ ಕೇಂದ್ರದ ಕಸ ಗುಡಿಸುವ ಪೋಂಗ್ ಅಜ್ಜಿಯ ಮನೆಯಲ್ಲಿ ಜಾಗ ಸಿಕ್ಕಿತು. ಅಜ್ಜಿಗೆ ಎಪ್ಪತ್ತೆಂಟು, ಕಿವಿ ಸ್ವಲ್ಪ ಮಂದ. ಬೇಡ ಎಂದರೆ ಕೇಳಿಸದು, ಬೇಕು ಎಂದರೆ ಕೇಳಿಸುತ್ತದೆ. ಬಿದಿರು ಕಳಲೆ ಹುಳಿ ಮೂರು ಸಲ ಬಡಿಸಿದರು. ಮೂರು ಸಲವೂ ಉಂಡೆ.

ಸೆಪ್ಟೆಂಬರ್ ೧೯

ದಾರಿ ಬಿಡಿಸಿದ್ದಾರಂತೆ. ಇಲ್ಲೇ ಇದ್ದು ನೋಡುವುದು ಕೆಲಸಕ್ಕೆ ಅನುಕೂಲ ಎಂದು ಅದಿಸೋನ್‌ಗೆ ಹೇಳಿದೆ. ನಿಜವೂ ಹೌದು. ನೂಡಲ್ಸ್ ಪೊಟ್ಟಣಗಳನ್ನು ಅಜ್ಜಿ ಕೋಳಿಗಳಿಗೆ ಹಾಕುತ್ತಿದ್ದಾರೆ. ಕೋಳಿಗಳೂ ಯೋಚಿಸಿ ತಿನ್ನುತ್ತಿವೆ.

ಸೆಪ್ಟೆಂಬರ್ ೨೪, ಮಂಗಳವಾರ

ಸಿಕ್ಕಿತು. ಬರೆದೇ ಬಿಡುತ್ತೇನೆ.

ಬೆಳಗ್ಗೆ ಕರೆಂಟು ಹೋಯಿತು. ಬ್ಯಾಟರಿ ಡಬ್ಬಿಯೂ ಖಾಲಿಯಾಗಿ ಕಂಪ್ಯೂಟರು ಆರಿತು. ಫ್ರಿಜ್ಜಿಗೆ ಮಂಜುಗಡ್ಡೆ ಇಟ್ಟು ಕಾದೆವು. ಮಧ್ಯಾಹ್ನ ಕರೆಂಟು ಬಂತು, ಯಂತ್ರ ಎದ್ದಿತು. ತಕ್ಷಣ ತಾಪಮಾಪಕ ಹೊರಗೆಳೆದು ಹಿಡಿದೆ, ಸೇಂಗ್‌ಲಾಳ ಫೋನು ಹೊಡೆದುಕೊಂಡಿತು. ಅದು ಮಾತಾಡಿತು. ಪಾಂಗ್‌ಸಾದಲ್ಲೇ. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ.

"ಇರಿ ಅಕ್ಕ, ಸಂಭ್ರಮ ಆಮೇಲೆ" ಎಂದು ಸೇಂಗ್‌ಲಾ ನನ್ನನ್ನು ಸರಿಸಿ ಯಂತ್ರದ ಮುಂದೆ ಕೂತಳು. "ಕರೆಂಟು ಹೋದಾಗಲೆಲ್ಲ ಇದಕ್ಕೆ ತಾರೀಖು ಮರೆತು ಹೋಗತ್ತೆ. ದಿನಾ ಸರಿ ಮಾಡ್ಬೇಕು."

ಅದು ಹೌದು. ಹಳೆಯ ಯಂತ್ರ, ಒಳಗಿನ ಗುಂಡಿಬ್ಯಾಟರಿ ಸತ್ತಿದೆ. ಆರಿ ಎದ್ದಾಗಲೆಲ್ಲ ಗಡಿಯಾರ ೧೯೮೦ನೇ ಇಸವಿಯ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ಸೇಂಗ್‌ಲಾ ಗೋಡೆಯ ಮೇಲೆ ತೂಗುಹಾಕಿದ್ದ ಬೌದ್ಧ ವಿಹಾರದ ಕ್ಯಾಲೆಂಡರನ್ನು ನೋಡಿ, ಒಂದೊಂದೇ ಅಂಕಿ ಒತ್ತುತ್ತಾ ಬರೆದಳು. ತಿಂಗಳು ಒಂಬತ್ತು. ತಾರೀಖು ಇಪ್ಪತ್ನಾಲ್ಕು. ವರ್ಷ ಎರಡು ಸಾವಿರದ ಐನೂರ ಅರವತ್ತೆರಡು.

ಆಮೇಲೆ ಅವಳೇ ತಾಪಮಾಪಕವನ್ನು ಕಂಕುಳಲ್ಲಿಟ್ಟುಕೊಂಡಳು. ಫೋನು ಮೌನ.

ನಾಲ್ಕು ವರ್ಷದ ಹಿಂದೆ ನಾನೇ ಬರೆದ ಸಾಲು ಕಣ್ಣ ಮುಂದೆ ಬಂತು. ನಮ್ಮ ಕಚೇರಿಯ ಅಭ್ಯಾಸದ ಯಂತ್ರದ ಗಡಿಯಾರವನ್ನು ಬೇಕೆಂದೇ ನೂರಾರು ವರ್ಷ ಮುಂದಕ್ಕೆ ಇಟ್ಟಿರುತ್ತೇವೆ, ಸುಳ್ಳು ದಾಖಲೆ ನಿಜದ ಜೊತೆ ಬೆರೆಯದಿರಲೆಂದು. ಕಂಪ್ಯೂಟರುಗಳು ಒಳಗೊಳಗೆ ಎಣಿಸುವುದು ಪಾಶ್ಚಾತ್ಯರ ಇಸವಿ. ಅವುಗಳ ಪಾಲಿಗೆ ಈಗ ನಡೆಯುತ್ತಿರುವುದು ೨೦೧೯. ಹಾಗಾಗಿ ನಾನು ಬರೆದಿದ್ದೆ: ವರ್ಷ ೨೨೦೦ನ್ನು ದಾಟಿದ್ದರೆ ನೀನು ಅಭ್ಯಾಸದ ಯಂತ್ರದಲ್ಲಿದ್ದೀಯ, ಫೋನು ಮಾಡಬೇಡ.

ಹುಟ್ಟಿದಾಗಿನಿಂದ ಬುದ್ಧ ವರ್ಷದಲ್ಲೇ ಬದುಕಿದವಳು ನಾನು. ನನ್ನ ಗುರುತಿನ ಚೀಟಿ, ಕರೆಂಟ್ ಬಿಲ್ಲು, ಈ ದಿನಚರಿ, ಎಲ್ಲದರ ಮೇಲೂ ಅದೇ. ಊರಿನವರು ಗಡಿಯಾರ ಸರಿಮಾಡಿದರೆ ಗೋಡೆಯ ಮೇಲಿರುವ ವರ್ಷವನ್ನೇ ಹಾಕುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಕೆಳಗಿನ ಕಚೇರಿಗೆ ಒಯ್ದಾಗ ಅಂತರ್ಜಾಲ ಸಿಕ್ಕಿ ಗಡಿಯಾರ ತಾನೇ ಸರಿಹೋಗುತ್ತಿತ್ತು, ಅದಕ್ಕೇ ಮಾತು.

ಹದಿನಾರೂ ಕಡೆ ಫೋನು ಮಾಡಿ ವಿಚಾರಿಸಿದೆವು. ಪ್ರೋಗ್ರಾಮು ಮೌನವಾಗಿದ್ದಲ್ಲೆಲ್ಲ ನರ್ಸುಗಳು ಶ್ರದ್ಧೆಯಿಂದ ತಾರೀಖು ತಿದ್ದುವವರು. ಮಾತಾಡುವ ಕಡೆ ಒಂದೋ ಅಂತರ್ಜಾಲವಿದೆ, ಇಲ್ಲವೋ ಯಾರಿಗೂ ಗಡಿಯಾರದ ಗೊಡವೆಯೇ ಇಲ್ಲ.

"ಅಂದ್ರೆ ಸೋಮಾರಿಗಳಿಗೆಲ್ಲ ಫೋನು ಬರ್ತಿತ್ತು, ಮೈಮುರಿದು ಕೆಲಸ ಮಾಡೋರಿಗೆ ಬರ್ತಿರಲಿಲ್ಲ" ಎಂದಳು ಸೇಂಗ್‌ಲಾ. "ನಿಮ್ಮ ಕೂಸು ಸರ್ಕಾರಿ ನೌಕರಿಗೆ ಹೇಳಿಮಾಡಿಸಿದ ಹಾಗಿದೆ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಯಾವಾಗ ಹೀಗೆ ನಕ್ಕಿದ್ದೆನೋ ನೆನಪಿಲ್ಲ.

ಸೆಪ್ಟೆಂಬರ್ ೨೬

ಅರ್ಧ ಗಂಟೆಯ ಕೆಲಸ. ವರ್ಷ ೨೫೦೦ಕ್ಕೂ ೨೬೦೦ಕ್ಕೂ ನಡುವೆ ಇದ್ದರೆ ಅದು ನರ್ಸು ಬರೆದದ್ದು, ಐನೂರ ನಲವತ್ತಮೂರು ಕಳೆದುಕೋ, ಇದು ನಿಜವಾದ ಯಂತ್ರವೆಂದು ತಿಳಿ. ಕಚೇರಿಯ ಅಭ್ಯಾಸದ ಯಂತ್ರವನ್ನು ನಾನು ಮೂರು ಸಾವಿರಕ್ಕೆ ಇಟ್ಟಿದ್ದೆ, ಆದ್ದರಿಂದ ಗೊಂದಲವಿಲ್ಲ. ಎಷ್ಟು ಚೆನ್ನಾಗಿದೆ. ಅದಿಸೋನ್‌ಗೆ ಕಳಿಸಿದೆ, ಅಲ್ಲಿ ಎಲ್ಲ ಯಂತ್ರಗಳಿಗೂ ಹಾಕಲಿ. ಪೋಂಗ್ ಅಜ್ಜಿ ಹಂದಿ ಚರ್ಮ ಹುರಿದಿದ್ದಾರೆ.

ಸೆಪ್ಟೆಂಬರ್ ೩೦, ಸೋಮವಾರ

ಇಂದು ನನ್ನ ಮಾನ ಹದಿನಾರು ಹಳ್ಳಿಗಳಲ್ಲಿ ಹರಾಜಾಯಿತು.

ಸಂಜೆ ನಾಲ್ಕಕ್ಕೆ ಹದಿನಾರು ನರ್ಸುಗಳಿಗೂ ಒಟ್ಟಿಗೆ ಫೋನು: ಫ್ರಿಜ್ಜು ಇಪ್ಪತ್ತೊಂಬತ್ತು ಡಿಗ್ರಿ. ಒಬ್ಬಳು ಹೆರಿಗೆ ಮಾಡಿಸುತ್ತಿದ್ದವಳು ಗಂಡನನ್ನು ಓಡಿಸಿದಳು. ಇನ್ನೊಬ್ಬಳು ತಲೆಗೆ ಬಣ್ಣ ಹಚ್ಚಿಕೊಂಡಿದ್ದವಳು ಹಾಗೇ ಮೋಟಾರು ಸೈಕಲ್ ಹತ್ತಿದಳು. ಸೇಂಗ್‌ಲಾ ದೋಣಿಯ ಅಭ್ಯಾಸದಲ್ಲಿದ್ದವಳು ನೀರಿಗೆ ಹಾರಿ ಈಜಿ ದಡ ಸೇರಿ, ಒದ್ದೆ ಬಟ್ಟೆಯಲ್ಲೇ ಗುಡ್ಡ ಹತ್ತಿ ಬಂದಳು. ಫ್ರಿಜ್ಜು ತಣ್ಣಗೆ ನಾಲ್ಕು ಡಿಗ್ರಿಯಲ್ಲಿತ್ತು.

ಬ್ಯಾಂಕಾಕಿನಲ್ಲಿ ಯಾರೋ, ಮೂರು ಸಾವಿರ ತುಂಬಾ ದೂರವಾಯಿತು ಎಂದು ಅಭ್ಯಾಸದ ಯಂತ್ರವನ್ನು ೨೫೭೦ಕ್ಕೆ ಇಳಿಸಿದ್ದರಂತೆ. ನನ್ನ ಹೊಸ ಸಾಲು ಅದನ್ನು ನೋಡಿ, ಓಹೋ ನಾನು ಹಳ್ಳಿಯಲ್ಲಿದ್ದೇನೆ ಎಂದುಕೊಂಡು ತನ್ನ ಪಟ್ಟಿಯಲ್ಲಿದ್ದ ಹದಿನಾರೂ ನಂಬರಿಗೆ ಕರೆದಿದೆ. ಅದಿಸೋನ್ ಫೋನಿನಲ್ಲಿ ಕೂಗಾಡಿದ. ಜಿಲ್ಲಾ ವೈದ್ಯರು, ಇನ್ನೊಮ್ಮೆ ಹೀಗಾದರೆ ಪ್ರೋಗ್ರಾಮನ್ನೇ ತೆಗೆಸುತ್ತೇವೆ, ಎರಡು ಗಂಟೆಯ ಆಜ್ಞೆ ಶಾಶ್ವತ ಎಂದರು.

ನಾನು ಸೇಂಗ್‌ಲಾಳ ಮುಖ ನೋಡಲಾಗದೆ ಕೂತಿದ್ದೆ. ಅವಳು ಕೂದಲು ಹಿಂಡುತ್ತಾ ಪಕ್ಕದಲ್ಲಿ ಕೂತಳು.

"ಅಲ್ಲ ಅಕ್ಕ, ಅದಕ್ಕೆ ಗೊತ್ತಾಗ್ಬೇಕಾಗಿರೋದು ಏನು?"

"ತಾನು ಎಲ್ಲಿದೀನಿ ಅನ್ನೋದು."

"ಅದಕ್ಕೆ ಗಡಿಯಾರ ಯಾಕೆ ನೋಡತ್ತೆ?"

"ಯಂತ್ರದ ಗುರುತು ಹಿಡಿಯೋಕೆ. ಬೇರೆ ಗುರುತು ನೋಡಿದ್ರೂ ಹೀಗೇ ಆಗತ್ತೆ. ಇವತ್ತಿದ್ದಿದ್ದು ನಾಳೆ ಇರಲ್ಲ."

"ನಾನು ಮುಂದೇನೇ ಕೂತಿರ್ತೀನಲ್ಲ. ನನ್ನ ಕೇಳಿದ್ರೆ ಹೇಳ್ತಿದ್ದೆ, ಇದು ಪಾಂಗ್‌ಸಾ ಕಣಪ್ಪ ಅಂತ."

ನಾನು ಏನೋ ವಾದ ಹೂಡಲು ಹೋದೆ. ಬಳಕೆದಾರರಿಗೆ ತೊಂದರೆ ಕೊಡಬಾರದು, ಬುದ್ಧಿವಂತ ಪ್ರೋಗ್ರಾಮು ಯಾರನ್ನೂ ಏನನ್ನೂ ಕೇಳಬಾರದು, ಹೀಗೆ. ಅರ್ಧಕ್ಕೇ ನಿಲ್ಲಿಸಿದೆ. ಇಪ್ಪತ್ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ, ಪಕ್ಕದಲ್ಲಿ ಕೂತವರನ್ನು ಕೇಳುವುದು ಒಮ್ಮೆಯೂ ತೋಚಿರಲಿಲ್ಲ.

ಅಕ್ಟೋಬರ್ ೪

ಇನ್ನೂರು ಸಾಲಿನಲ್ಲಿ ಗುರುತು ಹಿಡಿಯುವ ಅರವತ್ತು ಸಾಲು ಕಿತ್ತು ಹಾಕಿದೆ. ಅದರ ಜಾಗದಲ್ಲಿ ಏಳು ಸಾಲು. ವಿಂಡೋಸೋ ಲಿನಕ್ಸೋ ಎಂಬುದನ್ನು ಇನ್ನೂ ತಾನೇ ನೋಡಿಕೊಳ್ಳುತ್ತದೆ, ಅದು ನರ್ಸುಗಳಿಗೆ ಗೊತ್ತಿರುವ ವಿಷಯವಲ್ಲ. ಆದರೆ ಮೊದಲ ಸಲ ಎದ್ದಾಗ ಪರದೆಯ ಮೇಲೆ, ಇದು ಯಾವ ಊರು, ಇಲ್ಲಿ ನಿಜವಾದ ಲಸಿಕೆ ಇದೆಯೇ, ಫೋನು ಯಾರಿಗೆ ಮಾಡಲಿ ಎಂದು ಕೇಳುತ್ತದೆ. ಉತ್ತರ ಬರುವ ತನಕ ಮುಂದೆ ಹೋಗುವುದಿಲ್ಲ. ಒಮ್ಮೆ ಹೇಳಿದರೆ ಮರೆಯುವುದಿಲ್ಲ. ತಾರೀಖು ಏನೇ ಇರಲಿ.

ಅದಿಸೋನ್‌ಗೆ ಇಷ್ಟವಾಗಲಿಲ್ಲ. "ಇದನ್ನ ಸಭೇಲಿ ಹೇಗೆ ತೋರಿಸೋದು? ಮುಂಚೆ ಮ್ಯಾಜಿಕ್ ಇದ್ದ ಹಾಗಿತ್ತು."

"ಮ್ಯಾಜಿಕ್ಕೇ ಆಗಿತ್ತು, ಫೋನು ಮಾಯ ಆಗಿತ್ತಲ್ಲ" ಎಂದೆ. ಈ ತರಹ ಮಾತು ನನಗೆ ಎಲ್ಲಿಂದ ಬಂತೋ.

ಅಕ್ಟೋಬರ್ ೧೩

ಒಂಬತ್ತು ದಿನದಲ್ಲಿ ಹದಿನಾರೂ ಹಳ್ಳಿ ಮುಗಿಸಿದೆವು, ಕೇವ್ ಮಾವನ ಪಿಕಪ್ಪಿನಲ್ಲಿ. ಕೊನೆಯ ನಾಲ್ಕಕ್ಕೆ ಮಾವ ಸೊಂಟನೋವೆಂದು ಪಕ್ಕಕ್ಕೆ ಸರಿದು ಸ್ಟಿಯರಿಂಗ್ ನನಗೆ ಕೊಟ್ಟರು. ಒಬ್ಬ ನರ್ಸು ಊರಿನ ಹೆಸರಿನ ಜಾಗದಲ್ಲಿ "ನನ್ನ ಪ್ರೀತಿಯ ಹುಯ್‌ಲೋಮ್" ಎಂದು ಬರೆದಳು. ಇರಲಿ ಎಂದು ಬಿಟ್ಟೆ.

ಅಕ್ಟೋಬರ್ ೧೫

ಹತ್ತು ದಿನದ ಪರೀಕ್ಷೆ ಶುರು. ಕಂಕುಳು, ಮೂವತ್ತಾರು ಡಿಗ್ರಿ, ಫೋನು ಬಂತು. ಒಂದು.

ಅಕ್ಟೋಬರ್ ೧೮

ಕರೆಂಟು ಹೋಗಿ ಬಂತು. ಸೇಂಗ್‌ಲಾ ಗೋಡೆ ನೋಡಿ ೨೫೬೨ ಬರೆದಳು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಫೋನು ಬಂತು. ನಾಲ್ಕು.

ಅಕ್ಟೋಬರ್ ೨೦

ಆರು. ಅದಿಸೋನ್ ಬಸ್ಸಿಗೆ ಟಿಕೆಟ್ಟು ಕಳಿಸಿದ್ದಾನೆ, ಇಪ್ಪತ್ತಾರರ ಸಂಜೆ ಏಳಕ್ಕೆ. ಪಂದ್ಯ ಮುಗಿಸಿ ಹೊರಡಬಹುದು. ದೋಣಿಯಲ್ಲಿ ಒಬ್ಬಳಿಗೆ ಕೈ ಉಳುಕಿ, ಅಭ್ಯಾಸಕ್ಕೆ ನನ್ನನ್ನು ಕೂರಿಸಿದರು. ಹತ್ತುವ ಮೊದಲು ಚಪ್ಪಲಿ ಬಿಟ್ಟು, ದೋಣಿಯಲ್ಲಿ ನೆಲೆಸಿರುವ ತಾಯಿದೇವತೆಗೆ ಕೈಮುಗಿದು, ಹತ್ತಲೇ ಎಂದು ಕೇಳಬೇಕು. ಕೇಳಿದೆ. ಹುಟ್ಟು ಹಾಕಿದ್ದಕ್ಕಿಂತ ಮುಂದಿನವಳ ಬೆನ್ನಿಗೆ ನೀರು ಎರಚಿದ್ದೇ ಹೆಚ್ಚು. ನಮ್ಮ ದೋಣಿ ನೀರಿನಲ್ಲಿ ಹೋಗುವಾಗ ಒಂದು ಸದ್ದು ಮಾಡುತ್ತದೆ, ಅದನ್ನು ಬರೆಯಲು ಬರುವುದಿಲ್ಲ.

ಅಕ್ಟೋಬರ್ ೨೪

ಹತ್ತು.

ಜಿಲ್ಲಾ ವೈದ್ಯರ ಪತ್ರ ಬಂತು. ಎರಡು ಗಂಟೆಯ ಆಜ್ಞೆ ರದ್ದು, ಶನಿವಾರ ಇಡೀ ದಿನ ರಜೆ, ಫೋನು ಯಾರಾದರೂ ಜವಾಬ್ದಾರರ ಕೈಯಲ್ಲಿರಬೇಕು. ಸೇಂಗ್‌ಲಾ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರ ಮುಂದೆ ನಿಂತು ಸದ್ದಿಲ್ಲದೆ ಅತ್ತಳು. ನಾನೂ ಅತ್ತೆ. ಪೋಂಗ್ ಅಜ್ಜಿ ಯಾರು ಸತ್ತರು ಎಂದು ಕೇಳಿದರು.

ಅಕ್ಟೋಬರ್ ೨೬, ಶನಿವಾರ

ಪಾಂಗ್‌ಸಾ, ಆರೋಗ್ಯ ಕೇಂದ್ರ. ಫ್ರಿಜ್ಜಿನ ಪಕ್ಕದ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಊರಿಗೆ ಊರೇ ಪಂದ್ಯಕ್ಕೆ ಇಳಿಯಿತು. ಮೊದಲ ಸುತ್ತಿನಲ್ಲಿ ನಮ್ಮವರು ಒಂದು ದೋಣಿಯಷ್ಟು ಮುಂದಿದ್ದರು. ಸೇಂಗ್‌ಲಾ ಹಿಂದೆ ಚುಕ್ಕಾಣಿ ಹಿಡಿದು ನಿಂತಿದ್ದಳು, ಬಿಸಿಲಿಗೆ ತಂಪಾಗಲೆಂದು ಕೆನ್ನೆಗೆ ಬಿಳಿ ಜೇಡಿಮಣ್ಣು ಹಚ್ಚಿಕೊಂಡು, ಕೂಗುತ್ತಾ. ಆ ಹೆಂಗಸನ್ನು ಆರು ವರ್ಷ ಒಂದು ಡಬ್ಬಿಯ ಪಕ್ಕ ಕೂರಿಸಿದ್ದರಲ್ಲ ಎಂದು ನನಗೆ ಸಿಟ್ಟೇ ಬಂತು.

ಒಂದೂವರೆಗೆ ಎರಡನೇ ಸುತ್ತು. ದೋಣಿಗಳು ಹೊರಟವು. ನನ್ನ ಕೈಯಲ್ಲಿದ್ದ ಅವಳ ಫೋನು ಹೊಡೆದುಕೊಂಡಿತು.

"ಇದು ಪಾಂಗ್‌ಸಾ. ಫ್ರಿಜ್ಜು ಒಂಬತ್ತು ಡಿಗ್ರಿ."

ಇದು ಪಾಂಗ್‌ಸಾ ಎಂದಿತು. ಅರೆಗಳಿಗೆ ಭಯಕ್ಕಿಂತ ಖುಷಿಯೇ ಹೆಚ್ಚಾಯಿತು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆಮೇಲೆ ಮಾವನ ಕಡೆ ತಿರುಗಿದೆ.

"ಮಾವ, ಪಿಕಪ್ಪಿನ ಬೀಗದ ಕೈ ಕೊಡಿ."

ಕೇವ್ ಮಾವ ನನ್ನ ಮುಖ ನೋಡಿದರು, ದೋಣಿ ನೋಡಿದರು. "ಅವಳಿಗೆ ಹೇಳಲಾ?"

"ಹೇಳಿದ್ರೆ ನೀರಿಗೆ ಹಾರ್ತಾಳೆ. ನಾನು ಹೋಗ್ತೀನಿ."

ತಿರುವು ಎಣಿಸಲು ಪುರುಸೊತ್ತಿರಲಿಲ್ಲ. ಮೂವತ್ತೊಂದು ನಿಮಿಷಕ್ಕೆ ಮೇಲಿದ್ದೆ. ಬಾಗಿಲು ತೆರೆದರೆ, ಪೋಂಗ್ ಅಜ್ಜಿ ನೆಲದಲ್ಲಿ ಕಾಲು ಚಾಚಿಕೊಂಡು, ರೇಡಿಯೋಗೆ ಕಿವಿ ಹಚ್ಚಿ ಪಂದ್ಯದ ವಿವರಣೆ ಕೇಳುತ್ತಿದ್ದರು. ರೇಡಿಯೋದ ತಂತಿ ಫ್ರಿಜ್ಜಿನ ಪ್ಲಗ್ಗಿನ ಜಾಗದಲ್ಲಿತ್ತು. ಫ್ರಿಜ್ಜಿನದು ಕೆಳಗೆ ಬಿದ್ದಿತ್ತು.

"ಗೆಲ್ತಿದೀವಿ ಕಣೇ" ಎಂದರು ಅಜ್ಜಿ, ನಾನು ಬಂದದ್ದು ಅದನ್ನು ಕೇಳಲಿಕ್ಕೇ ಎನ್ನುವಂತೆ.

ಲಸಿಕೆಗಳನ್ನು ಮಂಜಿನ ಪೆಟ್ಟಿಗೆಗೆ ಸಾಗಿಸಿದೆ. ಶೀಶೆಗಳ ಮೇಲೆ ಶಾಖ ತಗಲಿದರೆ ಬಣ್ಣ ಬದಲಿಸುವ ಗುರುತು ಒಂದೊಂದನ್ನೂ ನೋಡಿದೆ, ಸೇಂಗ್‌ಲಾ ಕಲಿಸಿದಂತೆ. ಒಂದೂ ಕೆಟ್ಟಿರಲಿಲ್ಲ. ಫ್ರಿಜ್ಜನ್ನು ಅದರ ಜಾಗಕ್ಕೆ ಚುಚ್ಚಿದೆ, ರೇಡಿಯೋಗೆ ಕಿಟಕಿಯ ಹತ್ತಿರ ಬೇರೆ ಪ್ಲಗ್ಗು ಹುಡುಕಿದೆ. ಅಜ್ಜಿಯನ್ನು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಕೊನೆಯ ಸುತ್ತು ಶುರುವಾಯಿತು. ನಾನೂ ನೆಲದಲ್ಲಿ ಕೂತೆ.

ಪರದೆಯ ಮೇಲೆ ಹತ್ತು, ಒಂಬತ್ತೂವರೆ, ಒಂಬತ್ತು. ರೇಡಿಯೋದವನು ಉಸಿರು ಬಿಡದೆ ಕೂಗುತ್ತಿದ್ದ. ಎಂಟು. ನಮ್ಮ ದೋಣಿಯ ಹೆಸರು ಹೇಳಿದ. ಅಜ್ಜಿ ನನ್ನ ತೊಡೆ ಹಿಂಡಿದರು. ದೋಣಿಯ ಮೂತಿಗೆ ಕೆತ್ತಿರುವ ನಾಗನ ಹೆಡೆಯಷ್ಟೇ ಅಂತರದಲ್ಲಿ ಎರಡನೇ ಸ್ಥಾನ. ನಾನು ಮತ್ತು ಅಜ್ಜಿ, ಊರಲ್ಲಿ ಉಳಿದಿದ್ದ ಇಬ್ಬರೇ, ಎದ್ದು ಕುಣಿದೆವು. ಫ್ರಿಜ್ಜು ಏಳಕ್ಕೆ ಇಳಿಯಿತು.

ಐದೂವರೆಗೆ ಕೇವ್ ಮಾವನ ಫೋನಿನಿಂದ ಸೇಂಗ್‌ಲಾ ಕರೆದಳು. ಹಿಂದೆ ಮೂವತ್ತು ಹೆಂಗಸರ ಗಲಾಟೆ, ಡೋಲು.

"ಮಾವ ಈಗ ಹೇಳಿದ್ರು. ಎಷ್ಟಿದೆ?"

"ಐದು. ಒಂದು ಶೀಶೆನೂ ಕೆಟ್ಟಿಲ್ಲ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಅದೇ ಕರೀತಾ?"

"ಅದೇ ಕರೀತು. ಇದು ಪಾಂಗ್‌ಸಾ ಅಂತು."

ಆಮೇಲೆ ಅವಳು ನಗತೊಡಗಿದಳು.

"ಅಕ್ಕ, ಮೊದಲನೇ ಬಹುಮಾನ ಏನು ಗೊತ್ತಾ? ಫ್ರಿಜ್ಜು. ನನ್ನ ಪುಣ್ಯ, ಎರಡನೇದು ಬಂತು. ಗೆದ್ದಿದ್ರೆ ಅದನ್ನೂ ನಾನೇ ಕಾಯ್ಬೇಕಿತ್ತು."

"ಎರಡನೇದು ಏನು?"

"ಫ್ಯಾನು. ಅದನ್ನ ಯಾರೂ ಕಾಯ್ಬೇಕಿಲ್ಲ." ನಗು ನಿಲ್ಲಿಸಿ ಹೇಳಿದಳು, "ಈಗಲೇ ಹೊರಡ್ತೀನಿ. ನಿಮ್ಮ ಬಸ್ಸಿಗೆ ಹೊತ್ತಾಗ್ತಾ ಬಂತಲ್ಲ, ಪಿಕಪ್ ಬೇರೆ ಅಲ್ಲಿದೆ."

"ಇವತ್ತು ನಾನೆಲ್ಲೂ ಹೋಗ್ತಿಲ್ಲ" ಎಂದೆ. "ಫ್ರಿಜ್ಜಿನ ಹತ್ರ ನಾನಿದೀನಿ. ಅಜ್ಜಿ ಅನ್ನ ಬಸೀತಿದಾರೆ."

ಡೋಲಿನ ಸದ್ದು ಹತ್ತಿರವಾಯಿತು. ಯಾರೋ ಅವಳನ್ನು ಕುಣಿಯಲು ಎಳೆಯುತ್ತಿದ್ದರು.

"ಹಾಗಾದ್ರೆ ಅಕ್ಕ," ಎಂದಳು, ಮೊದಲ ಸಲ ಹೇಳಿ ನೋಡುತ್ತಿರುವವಳ ಹಾಗೆ ನಿಧಾನವಾಗಿ, "ನಾನು ಇವತ್ತು ಮನೆಗೆ ಬರಲ್ಲ."

ಬರಬೇಡ, ಎಂದೆ.